ನೂಲಿನಂತೆ ಸೀರೆಯೇ?

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ಹೆಣ್ಣು ನೋಡಲು ಹೊರಟವರ ಬಾಯಲ್ಲಿ ಸದಾ ಸಿದ್ಧವಾಗಿರುತ್ತದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಅದರ ಒಡಹುಟ್ಟಿದ್ದು. ತರಗತಿಯಲ್ಲಿ ಒಬ್ಬ ಹುಡುಗ ಕೈಚಳಕ ತೋರಿಸಿದರೆ ಸಾಕು, “ಅವರಪ್ಪನನ್ನು ನೋಡಿಲ್ಲವೇ? ಇವನು ಇನ್ನು ಹೇಗಿದ್ದಾನು!” ಎಂಬ ತೀರ್ಪು ಸ್ಟಾಫ್ ರೂಮಿನಲ್ಲಿ ಹೊರಬೀಳುತ್ತದೆ. ಇಷ್ಟು ವರ್ಷದ ಶಿಕ್ಷಕಿ ವೃತ್ತಿಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಗಾದೆ ಬರೀ ಮಾತಾಗಿದ್ದರೆ ಚಿಂತೆಯಿರಲಿಲ್ಲ. ನನಗೆ ಪರಿಚಯದ ಹೆಣ್ಣುಮಗಳೊಬ್ಬಳು ಮಕ್ಕಳಿಲ್ಲದೆ ದತ್ತು ತೆಗೆದುಕೊಳ್ಳುವ ಮನಸ್ಸು ಮಾಡಿದಳು. ಗಂಡನೂ ಒಪ್ಪಿದ. ಮನೆಯ ಹಿರಿಯರು ಮಾತ್ರ “ಯಾರ ರಕ್ತವೋ ಏನೋ!” ಎಂದು ಒಂದೇ ಮಾತಿನಲ್ಲಿ ತಡೆದುಬಿಟ್ಟರು. “ರಕ್ತ ಅಂದರೆ ಅಷ್ಟು ದೊಡ್ಡದೇ ಟೀಚರ್?” ಎಂದು ಅವಳು ಕೇಳಿದಳು. ನಾನು ಬಿ.ಎ. ಓದಿ ಸಮಾಜ ಪಾಠ ಹೇಳುವವಳು. ಆದರೂ ಆ ಪ್ರಶ್ನೆ ಬಿಡಲಿಲ್ಲ. ನಮ್ಮ ವಿಜ್ಞಾನದ ಮೇಡಂ ಅವರನ್ನು ಕಾಡಿಸಿ ಕೇಳಿದೆ, ಪುಸ್ತಕ ತರಿಸಿ ಓದಿದೆ.

ಓದಿದಾಗ ಅಚ್ಚರಿಯಾಯಿತು. ನಮ್ಮ ದೇಹದಲ್ಲೂ ಒಂದು ನೂಲಿದೆಯಲ್ಲ! ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ ಇರುವ ಡಿಎನ್‌ಎ ಎಂಬ ಈ ನೂಲನ್ನು ಬಿಡಿಸಿ ಎಳೆದರೆ ಸುಮಾರು 2 ಮೀಟರ್ ಉದ್ದ. ಅದನ್ನು ಹಿಡಿದಿಟ್ಟುಕೊಂಡಿರುವ ಕೋಶಕೇಂದ್ರದ ಅಗಲವೋ, ಸುಮಾರಾಗಿ ಮಿಲಿಮೀಟರಿನ ನೂರರಲ್ಲೊಂದು ಪಾಲು! ಗೋಜಲಾಗದಂತೆ ಸುತ್ತಿಡಲು ಹಿಸ್ಟೋನ್ ಎಂಬ ಪ್ರೋಟೀನುಗಳಿವೆ. ಎಂಟು ಹಿಸ್ಟೋನುಗಳು ಕೂಡಿ ಒಂದು ಉರುಳೆ. ನೂಲು ಅದಕ್ಕೆ ಎರಡು ಸುತ್ತಿಗೆ ಸ್ವಲ್ಪ ಕಡಿಮೆ ಸುತ್ತಿಕೊಂಡು, ಮುಂದಿನ ಉರುಳೆಗೆ ಹೋಗುತ್ತದೆ. 1884ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಹೆಬ್ಬಾತಿನ ರಕ್ತಕಣಗಳಲ್ಲಿ ಇವನ್ನು ಗುರುತಿಸಿದಾಗ ಇವುಗಳ ಕೆಲಸವೇನೆಂದು ಯಾರಿಗೂ ಗೊತ್ತಿರಲಿಲ್ಲ.

ಉರುಳೆಗೆ ಬಿಗಿಯಾಗಿ ಸುತ್ತಿದ ನೂಲನ್ನು ಜೀವಕೋಶ ಓದಲಾರದು. ಸಡಿಲವಾದರೆ ಓದುತ್ತದೆ. ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಅಂಟಿಕೊಂಡರೆ ನೂಲಿನ ಮೇಲಿನ ಹಿಡಿತ ಸಡಿಲವಾಗುತ್ತದೆ, ಅಲ್ಲಿರುವ ವಂಶವಾಹಿ ಕೆಲಸಕ್ಕೆ ತೊಡಗುತ್ತದೆ. ಗುರುತು ಕಳಚಿದರೆ ಮತ್ತೆ ಬಿಗಿ. ಮಿಥೈಲ್ ಎಂಬ ಇನ್ನೊಂದು ಗುರುತು ಕೂತ ಜಾಗಕ್ಕೆ ತಕ್ಕಂತೆ ತೆರೆಯಲೂಬಹುದು, ಮುಚ್ಚಲೂಬಹುದು. ಅಸಿಟೈಲಿನ ಈ ಪಾತ್ರವನ್ನು 1964ರಲ್ಲೇ ವಿನ್ಸೆಂಟ್ ಆಲ್‌ಫ್ರಿ ಊಹಿಸಿದ್ದರು. ಅದನ್ನು ಅಂಟಿಸುವ ಕಿಣ್ವಕ್ಕೂ ವಂಶವಾಹಿಯನ್ನು ಎಬ್ಬಿಸುವ ಕೆಲಸಕ್ಕೂ ಇರುವ ನಂಟನ್ನು ಡೇವಿಡ್ ಆಲಿಸ್ ಅವರ ತಂಡ ತೋರಿಸಿದ್ದು 1996ರಲ್ಲಿ. ಕಣ್ಣಿಗೂ ಯಕೃತ್ತಿಗೂ ನೂಲು ಒಂದೇ. ಎಲ್ಲಿ ಬಿಚ್ಚಿದೆ, ಎಲ್ಲಿ ಮುಚ್ಚಿದೆ ಎಂಬುದರಲ್ಲಿ ವ್ಯತ್ಯಾಸ. ನೂಲೊಂದೇ ಸೀರೆಯಾಗುವುದಿಲ್ಲ, ನೇಯ್ಗೆಯೂ ಬೇಕು.

ಈ ಗುರುತುಗಳನ್ನು ಹೊರಗಿನ ಬದುಕು ಮುಟ್ಟಬಲ್ಲುದೇ? ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನು ನೋಡಿದರು. ಕೆಲವು ತಾಯಿ ಇಲಿಗಳು ಮರಿಗಳನ್ನು ಹೆಚ್ಚು ನೆಕ್ಕಿ ಮುದ್ದಿಸುತ್ತವೆ, ಕೆಲವು ಕಡಿಮೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದಾಗ ಅಷ್ಟಾಗಿ ಅಂಜುತ್ತಿರಲಿಲ್ಲ. ಗಾಬರಿಯನ್ನು ತಣಿಸಲು ನೆರವಾಗುವ ವಂಶವಾಹಿಯೊಂದರ ಬಳಿ ಅವುಗಳ ಮಿದುಳಿನಲ್ಲಿ ಅಸಿಟೈಲ್ ಗುರುತು ಹೆಚ್ಚಿತ್ತು. ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಹೆಚ್ಚು ನೆಕ್ಕುವ ತಾಯಿಯ ಮಡಿಲಿಗಿಟ್ಟರೆ ಅದೂ ಸಾಕಿದವಳ ಮರಿಗಳಂತೆಯೇ ಬೆಳೆಯಿತು. ಅಷ್ಟೇ ಅಲ್ಲ, ಬೆಳೆದ ಇಲಿಯ ಮಿದುಳಿಗೆ ಅಸಿಟೈಲ್ ಕಳಚದಂತೆ ತಡೆಯುವ ಔಷಧ ಕೊಟ್ಟಾಗ ಎರಡು ಬಗೆಯ ಇಲಿಗಳ ನಡುವಿನ ವ್ಯತ್ಯಾಸ ಅಳಿಸಿಹೋಯಿತು. ಇದು 2004ರಲ್ಲಿ ಪ್ರಕಟವಾದದ್ದು. ಇಲಿಯ ಮಾತನ್ನು ಮನುಷ್ಯರಿಗೆ ಹಾಗೆಯೇ ಹಚ್ಚಲಾಗದು, ನಿಜ. ಆದರೂ ‘ಯಾರ ರಕ್ತವೋ’ ಎನ್ನುವವರು ಆ ಸಾಕುಮರಿಯನ್ನು ಒಮ್ಮೆ ನೆನೆಯಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ಸಂತೋಷವಾಗಿ ಪುಸ್ತಕ ಮುಚ್ಚಬಹುದಿತ್ತು. ಆದರೆ ನನ್ನ ಮನಸ್ಸಿನಲ್ಲಿ ಬೇರೊಂದು ಅಳುಕು ಮೂಡಿತು. ನಿನ್ನೆಯವರೆಗೆ ‘ತಾಯಿಯ ರಕ್ತ ಸರಿಯಿಲ್ಲ’ ಎಂದವರು ನಾಳೆ ‘ತಾಯಿಯ ಆರೈಕೆ ಸರಿಯಿಲ್ಲ, ಅದಕ್ಕೇ ಮಗು ಹೀಗೆ’ ಎಂದರೆ? ಮಗುವಿಗೆ ಅಂಕ ಕಡಿಮೆ ಬಂದರೂ, ಮೈ ಸೊರಗಿದರೂ ನಮ್ಮಲ್ಲಿ ಮೊದಲು ಪ್ರಶ್ನೆ ಕೇಳಿಸಿಕೊಳ್ಳುವವಳು ತಾಯಿಯೇ ತಾನೇ? ವಿಜ್ಞಾನವೂ ಅವಳ ಬೆನ್ನಿಗೆ ಇನ್ನೊಂದು ಬೆತ್ತವಾಗಬಾರದು.

ಉತ್ತರವೂ ಅದೇ ಇಲಿಗಳಲ್ಲಿತ್ತು. 2006ರಲ್ಲಿ ಫ್ರಾನ್ಸಿಸ್ ಶಾಂಪೇನ್ ಮತ್ತು ಮೀನಿ, ಚೆನ್ನಾಗಿ ಮುದ್ದಿಸುವ ಜಾತಿಯ ಬಸುರಿ ಇಲಿಗಳನ್ನು ಒತ್ತಡಕ್ಕೆ ಒಡ್ಡಿ ನೋಡಿದರು. ಹೆತ್ತ ಮೇಲೆ ಅವು ಮರಿಗಳನ್ನು ನೆಕ್ಕುವುದು ಕಡಿಮೆಯಾಯಿತು. ಅಂದರೆ ಮರಿಗೆ ಸಿಗದ ಮುದ್ದಿನ ಲೆಕ್ಕ ತಾಯಿಯ ಹತ್ತಿರ ಮುಗಿಯುವುದಿಲ್ಲ, ಅವಳನ್ನು ಬಾಧಿಸಿದವರವರೆಗೂ ಹೋಗುತ್ತದೆ. ಬಸುರಿಯ ಎದುರಿಗೆ ‘ಈ ಸಲವಾದರೂ ಗಂಡೇ ಆಗಲಿ’ ಎಂದು ಗೊಣಗುವವರು, ಬಾಣಂತಿಯನ್ನು ವರದಕ್ಷಿಣೆಗೆ ಹಂಗಿಸುವವರು, ದಿನವಿಡೀ ದುಡಿದು ಬಂದವಳ ಕೈಗೇ ಸೌಟು ಕೊಟ್ಟು ಟೀವಿ ಮುಂದೆ ಕೂರುವವರು, ಇವರ ಹೆಸರನ್ನೂ ಆ ಲೆಕ್ಕದಲ್ಲಿ ಬರೆಯಬೇಡವೇ?

ಎಲ್ಲವೂ ಬದಲಾಗುತ್ತದೆಂದು ನಾನು ಹೇಳುತ್ತಿಲ್ಲ. ಥಲಸ್ಸೇಮಿಯದಂಥ ಕಾಯಿಲೆಗಳು ನೂಲಿನಲ್ಲೇ ಬಂದಿರುತ್ತವೆ, ಮುದ್ದಿನಿಂದ ಹೋಗುವುದಿಲ್ಲ. ಆದರೆ ‘ಇವನು ಇಷ್ಟೇ’ ಎಂದು ಹತ್ತು ವರ್ಷದ ಮಗುವಿನ ಮೇಲೆ ಷರಾ ಬರೆಯುವ ಹಕ್ಕನ್ನು ಯಾವ ವಂಶವಾಹಿಯೂ ನಮಗೆ ಕೊಟ್ಟಿಲ್ಲ. ತರಗತಿಯಲ್ಲಿ ಒಂದು ಮಗು ಮುದುಡಿ ಕೂತಿದ್ದರೆ ಇದು ಯಾರ ಮನೆಯದು ಎಂದು ವಿಚಾರಿಸುವುದಕ್ಕಿಂತ, ಆ ಮನೆಯಲ್ಲಿ ತಾಯಿಯನ್ನು ಯಾರು ಹೇಗೆ ನೋಡಿಕೊಳ್ಳುತ್ತಿದ್ದಾರೆ ಎಂದು ವಿಚಾರಿಸುವುದು ಒಳ್ಳೆಯದು. ಅಕ್ಕಪಕ್ಕದ ನಾವು ಮಾಡಬಹುದಾದ ಕೆಲಸ ಆಗ ತಾನಾಗಿ ಕಾಣುತ್ತದೆ.