ಕುದುರೆ ಪೈಸೆಗೆ ನ್ಯಾಯದ ಬೆಲೆ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಳೆಯ ಮನೆಗಳಲ್ಲಿ, ಎಲೆ-ಅಡಕೆಯ ಸಂಚಿಯ ತಳದಲ್ಲೋ ಟ್ರಂಕಿನ ಮೂಲೆಯಲ್ಲೋ, ಕುದುರೆ ಪೈಸೆ ಸಿಗುವುದುಂಟು. ಒಂದು ಬದಿಗೆ ಅಶೋಕನ ಸಿಂಹಗಳು, ಇನ್ನೊಂದು ಬದಿಗೆ ಕುದುರೆ. ಸ್ವಾತಂತ್ರ್ಯ ಬಂದು ಮೂರು ವರ್ಷವಾದರೂ ನಮ್ಮವರ ಕೈಯಲ್ಲಿ ಓಡಾಡುತ್ತಿದ್ದುದು ಇಂಗ್ಲೆಂಡಿನ ಅರಸನ ಕಾಲದ ನಾಣ್ಯಗಳೇ. 1950ರ ಆಗಸ್ಟ್ 15ರಂದು ಗಣರಾಜ್ಯದ ಸ್ವಂತ ನಾಣ್ಯಗಳು ಹೊರಬಂದವು. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕ ಬೆಲೆಯದು ಈ ಕಂಚಿನ ಪೈಸೆ, ರೂಪಾಯಿಗೆ 64.

1957ರ ಏಪ್ರಿಲ್ 1ರಂದು ನಯೇ ಪೈಸೆ ಬಂತು, ರೂಪಾಯಿಗೆ 100. ಈ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಆಗಿನ್ನೂ ಐದೇ ತಿಂಗಳು. ಹೊಸ ಲೆಕ್ಕದಲ್ಲಿ ಆಣೆಗೆ 6 ಪೈಸೆ, ನಾಲ್ಕಾಣೆಗೆ 25. ಆಣೆ ಆಣೆಯಾಗಿ ಎಣಿಸಿಕೊಂಡವನಿಗೆ ಸಿಕ್ಕಿದ್ದು 24! ಒಂದು ಪೈಸೆ ಎಂದರೆ ಬಡವನಿಗೆ ಆಗ ಲೆಕ್ಕಕ್ಕೆ ಬರುವ ಹಣವೇ. ಇಂದು ಇವಾವುವೂ ಚಲಾವಣೆಯಲ್ಲಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳು 2011ರ ಜೂನ್ 30ಕ್ಕೆ ರದ್ದಾದವು.

ಇಂಥ ನಾಣ್ಯ ಕೂಡಿಸುವ ಹವ್ಯಾಸ ನಿಮಗಿದೆ ಎಂದುಕೊಳ್ಳಿ. ಒಬ್ಬ ಅಜ್ಜಿ ಗಂಟು ಬಿಚ್ಚಿ, "ಗುಜರಿಯವ ಕೇಜಿ ಲೆಕ್ಕದಾಗ ಕೇಳ್ಯಾನ, ನೀನ ತೊಗೊಳಪ್ಪಾ" ಎನ್ನುತ್ತಾಳೆ. ಅದರಲ್ಲೊಂದು ಅಪರೂಪದ್ದೆಂದು ನಿಮಗೆ ಗೊತ್ತು, ಆಕೆಗೆ ಗೊತ್ತಿಲ್ಲ. ಬಾಯಿ ಬಿಡುತ್ತೀರಾ?

ಸುಮ್ಮನಿರುವುದಕ್ಕೆ ಶುಭಸಂದೇಶದಲ್ಲೇ ಆಧಾರವಿದೆ ಎಂದು ವಾದಿಸುವವರುಂಟು. ಸಂತ ಮತ್ತಾಯನ 13ನೇ ಅಧ್ಯಾಯದಲ್ಲಿ ಹೊಲದ ನಿಧಿಯನ್ನು ಕಂಡವನು ಅದನ್ನು ಮುಚ್ಚಿಟ್ಟು, ಹೋಗಿ ಹೊಲವನ್ನೇ ಕೊಂಡುಕೊಳ್ಳುತ್ತಾನಲ್ಲ! ಆದರೆ ಅವನು ತನಗಿದ್ದುದನ್ನೆಲ್ಲ ಮಾರಿದನೆಂಬುದನ್ನು ಇವರು ಮರೆಯುತ್ತಾರೆ. ಪ್ರಭು ಅಲ್ಲಿ ಹೇಳುತ್ತಿದ್ದುದು ಸ್ವರ್ಗಸಾಮ್ರಾಜ್ಯದ ಮಾತು, ಸಂತೆಯ ವ್ಯಾಪಾರದ್ದಲ್ಲ. ವ್ಯಾಪಾರದ ಮಾತನ್ನು ಸಂತ ಅಗಸ್ಟೀನರು ತ್ರಿತ್ವದ ಕುರಿತ ಗ್ರಂಥದಲ್ಲಿ ನೇರವಾಗಿಯೇ ಎತ್ತಿದ್ದಾರೆ. ಅಗ್ಗಕ್ಕೆ ಕೊಂಡು ದುಬಾರಿಗೆ ಮಾರುವುದು ಎಲ್ಲರ ಆಸೆ ಎಂಬ ಮಾತನ್ನು ಅವರು ಒಪ್ಪುವುದಿಲ್ಲ. ತಮಗೆ ಗೊತ್ತಿದ್ದ ಒಬ್ಬನ ಮುಂದೆ ಹಸ್ತಪ್ರತಿಯೊಂದು ಮಾರಾಟಕ್ಕೆ ಬಂತಂತೆ. ಮಾರುವವನಿಗೆ ಅದರ ಬೆಲೆ ತಿಳಿಯದು, ಕೇಳಿದ್ದು ತೀರ ಕಡಿಮೆ. ಕೊಳ್ಳುವವನು ಅದರ ನ್ಯಾಯವಾದ ಬೆಲೆಯನ್ನೇ ತೆತ್ತ.

"ಕಲಿತ ವಿದ್ಯೆಗೆ ಬೆಲೆ ಬೇಡವೇ?" ಎಂದು ನೀವು ಕೇಳಬಹುದು. ಬೇಕು. ನಾಣ್ಯ ವ್ಯಾಪಾರಿಗೂ ಹೊಟ್ಟೆಯಿದೆ. ತನ್ನ ಲಾಭ ಇಷ್ಟು ಎಂದು ಆತ ಹೇಳಿಯೇ ಇಟ್ಟುಕೊಳ್ಳಲಿ. ಆಕೆಯ ಅಜ್ಞಾನವನ್ನೂ ಸೇರಿಸಿ ಲಾಭ ಎಣಿಸುವುದು ಬೇರೆ.

ಇದಕ್ಕೆ ಇನ್ನೊಂದು ಮಗ್ಗಲೂ ಇದೆ. ಕುದುರೆ ಪೈಸೆಗೆ ಲಕ್ಷ ಕೊಡುತ್ತೇವೆಂದು ಜಾಹೀರಾತು ಹಾಕಿ, ಮೊದಲು ಶುಲ್ಕ ಕಟ್ಟಿರೆನ್ನುವ ಠಕ್ಕರಿದ್ದಾರೆ. ಹಳೆ ನಾಣ್ಯದ ವ್ಯವಹಾರದಲ್ಲಿ ತನ್ನ ಹೆಸರು ಹೇಳಿ ಹಣ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಬೇಕಾಯಿತು. ಈ ಪೈಸೆಗಳನ್ನು ರಾಶಿ ರಾಶಿಯಾಗಿ ಟಂಕಿಸಿದ್ದರಿಂದ ಹೆಚ್ಚಿನವುಗಳಿಗೆ ದೊಡ್ಡ ಬೆಲೆಯಿಲ್ಲ. ಆಗ "ಅಜ್ಜೀ, ಇದಕ್ಕ ಲಕ್ಷ ಬರೂದಿಲ್ಲ" ಎಂದು ಹೇಳುವುದೂ ನಿಮ್ಮ ಪಾಲಿಗೇ ಬರುತ್ತದೆ, ಮುಖ ಬಾಡಿದರೂ.

ದುಡ್ಡು ಎಣಿಸುವ ಮೊದಲು, ಇವು ಯಾರು ಕೂಡಿಟ್ಟದ್ದು ಎಂದು ಒಮ್ಮೆ ಕೇಳಿ ನೋಡಿ. ಹೇಳುತ್ತ ಹೇಳುತ್ತ ಅಜ್ಜಿ ಗಂಟನ್ನು ಮತ್ತೆ ಕಟ್ಟಿಕೊಂಡರೂ ಕಟ್ಟಿಕೊಂಡಾಳು.