ದಲಾಲಿಯ ಪಾಲು

ಮುಂಬಯಿಯಲ್ಲಿ ಮನೆ ಮಾರಾಟದ ದಲಾಲಿಗೆ ಇಳಿಯುವ ನಮ್ಮ ತರುಣರು ಮೊದಲು ಕೇಳುವುದು, ಯಾವ ಸಂಸ್ಥೆ ಹೆಚ್ಚು ಪಾಲು ಕೊಡುತ್ತದೆ ಎಂದು. ಕೇಳಬೇಕಾದದ್ದೇ, ಊರಿಗೆ ಹಣ ಕಳುಹಿಸಬೇಕಲ್ಲ. ಆದರೂ ನೂರಕ್ಕೆ 70 ಕೊಟ್ಟು ಕೈಬಿಡುವವನಿಗಿಂತ, 50 ಕೊಟ್ಟು ಕಾಗದಪತ್ರ ಓದಲು ಕಲಿಸುವವನು ಹೊಸಬನಿಗೆ ಮೇಲು.

ಆ ದಲಾಲಿ ಬರುವುದಾದರೂ ಯಾರಿಂದ? ಇಲ್ಲಿ ಮಾರುವವನೂ ಕೊಳ್ಳುವವನೂ ಕೊಡುವ ರೂಢಿಯುಂಟು. ಬೆಲೆ ಏರಿದರೆ ದಲಾಲಿಯೂ ಏರುತ್ತದೆ. ಕೊಳ್ಳುವವನ ಪರವಾಗಿ ಆಡಬೇಕಾದ ನಾಲಿಗೆ ಅಲ್ಲಿಯೇ ತಡವರಿಸುತ್ತದೆ. 2016ರ ರೇರಾ ಕಾಯಿದೆ ಹೊಸ ವಸತಿ ಯೋಜನೆಗಳ ದಲಾಲರಿಗೆ ನೋಂದಣಿ ವಿಧಿಸಿ, ಸುಳ್ಳು ವರ್ಣನೆಯನ್ನು ನಿಷೇಧಿಸಿತು. ಹಳೆಯ ಮನೆಯ ಸೋರುವ ಗೋಡೆಯ ಮುಂದೆ ಸುಮ್ಮನಿರುವುದು? ಅದೂ ಊರಿನವರೊಬ್ಬರು 'ನಿಮ್ಮನ್ನೇ ನಂಬಿದ್ದೇವೆ' ಎಂದಾಗ?

ಸೇರುವ ದಿನವೇ ಯಜಮಾನರನ್ನು ಕೇಳಬಹುದು: ಸೋರುತ್ತದೆಂದು ಹೇಳಿ ವ್ಯವಹಾರ ಮುರಿದರೆ, ಮರುದಿನ ನನಗಿಲ್ಲಿ ಕುರ್ಚಿಯುಂಟೇ?