ಮಂಗನ ಹೆಸರಿನಲ್ಲಿ

2019ರ ಜನವರಿಯಲ್ಲಿ, ಸಾಗರದ ಕಡೆ ಕೊಟ್ಟ ನನ್ನ ತಂಗಿ ಫೋನು ಮಾಡಿ, ‘ಇಲ್ಲಿ ಮಂಗನ ಕಾಯಿಲೆ ಜೋರಾಗಿದೆ ಅಕ್ಕಾ’ ಎಂದಳು. ಮಾಳಮಡ್ಡಿಯ ನಮ್ಮ ಮನೆಗೆ ಹರಟೆಗೆ ಬಂದಿದ್ದ ನೆರೆಮನೆಯಾಕೆಗೆ ಹೇಳಿದರೆ, ‘ಅಯ್ಯ, ದೊಡ್ಡವರಿಗೂ ಮಂಗಬಾವು ಬರ್ತದೇನ್ರೀ?’ ಎಂದು ನಕ್ಕರು. ಗದ್ದ ಬಾಯುವ ಮಂಗಬಾವು ಬೇರೆ, ಇದು ಬೇರೆ. ಇದರಲ್ಲಿ ಜನ ಸಾಯುತ್ತಾರೆ. ಆ ವರ್ಷ ಅರಳಗೋಡಿನ ಸುತ್ತ ಸತ್ತರು ಕೂಡ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸೊಂದನ್ನು ಗುರುತಿಸಿದರು. ಅದನ್ನು ಹರಡುವುದು ಕಾಡಿನ ಉಣುಗು. ಮಂಗ ಪಾಪ, ನಮ್ಮ ಹಾಗೆಯೇ ಕಚ್ಚಿಸಿಕೊಂಡು ಸಾಯುವ ಪ್ರಾಣಿ. ಮೊದಲು ಸತ್ತದ್ದರ ಮೇಲೆಯೇ ಹೆಸರು ಹೊರಿಸಿಬಿಟ್ಟಿದ್ದೇವೆ. ತಪ್ಪನ್ನು ಕೈಗೆ ಸಿಕ್ಕವರ ತಲೆಗೆ ಕಟ್ಟುವ ಈ ಚಾಳಿ ನನ್ನಲ್ಲಿಯೂ ಇದೆಯೆಂದು ಆಮೇಲೆ ತಿಳಿಯಿತು.

ಸಂಕ್ರಾಂತಿ ಮುಗಿಸಿಕೊಂಡು ತಂಗಿಯ ಮನೆಗೆ ಹೋದೆ. ಕೊಟ್ಟಿಗೆಗೂ ತೋಟಕ್ಕೂ ತರಗೆಲೆ ಗುಡಿಸಿ ತರುವ ಹೆಂಗಸು ಒಂದು ಸೂಜಿ ಹಾಕಿಸಿಕೊಂಡು ಎರಡನೆಯದು ಬೇಡವೆಂದು ಕೂತಿದ್ದಳು. ‘ತೋಳು ಮೂರು ದಿನ ಬಾತಿತ್ತಮ್ಮ. ಕೂಲಿ ಯಾರು ಕೊಡ್ತಾರೆ? ಎರಡೂ ಸೂಜಿ ಹಾಕಿಸಿಕೊಂಡೋರಿಗೂ ಜ್ವರ ಬಂದದೆ’ ಎಂದಳು. ‘ಓದು ಬರಹ ಇಲ್ಲದಿದ್ದರೆ ಹೀಗೇ’ ಎಂದು ಬೈದೆ. ‘ಮೊದಲು ಕಾಡಿಗೆ ಹೋಗೋದು ಬಿಡು’ ಎಂದೂ ಬುದ್ಧಿ ಹೇಳಿದೆ. ಊಟದ ಮೇಲೆ ನಾನು ಹಾಕಿಕೊಳ್ಳುವ ಅಡಿಕೆಯ ಬುಡಕ್ಕೆ ಆಕೆಯೇ ತಂದ ಎಲೆ ಬೀಳುತ್ತದೆ ಎಂಬುದು ಆಗ ನೆನಪಾಗಲಿಲ್ಲ.

ಮುಂದೆ 2022ರಲ್ಲಿ, ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು ಆ ಲಸಿಕೆಯನ್ನೇ ನಿಲ್ಲಿಸಿದರು. ಅದರ ಬಲ ಕಡಿಮೆಯೆಂಬುದು ತಿಳಿದವರ ನಡುವೆ ಹೊಸ ಮಾತಾಗಿರಲಿಲ್ಲ. ಎರಡು ಸೂಜಿಯಿಂದ ಸಿಗುವ ರಕ್ಷಣೆ ಶೇಕಡಾ 62ರಷ್ಟು ಮಾತ್ರ, ಮತ್ತೆ ಬೂಸ್ಟರ್ ಹಾಕಿಸಿದರೆ 83ರಷ್ಟು ಎಂದು 2013ರಲ್ಲಿಯೇ ಒಂದು ಅಧ್ಯಯನ ಪ್ರಕಟವಾಗಿತ್ತು. ಎಲೆ ಗುಡಿಸುವವಳಿಗೆ ಈ ಲೆಕ್ಕವನ್ನು ಯಾರು ಹೇಳಿದ್ದರು? ಬೈಯುವಾಗ ನನಗಾದರೂ ಎಲ್ಲಿ ಗೊತ್ತಿತ್ತು?

ಹೇಳದಿರುವುದಕ್ಕೂ ಒಂದು ವಾದವಿದೆ. ಈ ಜ್ವರಕ್ಕೆಂದೇ ಔಷಧಿಯಿಲ್ಲ. ರೋಗ ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಅರ್ಧ ರಕ್ಷಣೆಯಾದರೂ ಇರಲಿ. ಲಸಿಕೆ ದುರ್ಬಲ ಎಂದರೆ ಅದಕ್ಕೂ ಜನ ಬರಲಿಕ್ಕಿಲ್ಲ ಎಂಬ ಅಂಜಿಕೆ. ಈ ಅಂಜಿಕೆ ನನಗೆ ಅರ್ಥವಾಗುತ್ತದೆ. ಮಕ್ಕಳನ್ನು ದವಾಖಾನೆಗೆ ಕರೆದೊಯ್ಯುವಾಗ ‘ಸೂಜಿ ನೋಯೋದೇ ಇಲ್ಲ’ ಎಂದು ನಾವೆಲ್ಲ ಹೇಳಿದವರೇ ತಾನೆ? ಕೂಸು ಒಮ್ಮೆ ನಂಬುತ್ತದೆ. ಎರಡನೆಯ ಸಲ ಬಾಗಿಲಲ್ಲೇ ಚೀರುತ್ತದೆ. ಅಂಥದರಲ್ಲಿ ಎಲೆ ಗುಡಿಸುವಾಕೆ ಕೂಸಲ್ಲ. ಸಂಸಾರ ನಡೆಸಿದವಳು, ಲಾಭ ನಷ್ಟ ತೂಗಿ ನೋಡಬಲ್ಲವಳು.

ಆಕೆ ಹೇಳಿದ್ದೇ ಶಾಸ್ತ್ರ ಎಂದು ನಾನು ಹೇಳುವುದಿಲ್ಲ. ಒಂದು ಊರಿನಲ್ಲಿ ಕಂಡದ್ದು ಲೋಕಕ್ಕೆಲ್ಲ ಲೆಕ್ಕವಾಗದು. ಆ ವರ್ಷ ಆಕೆಗೆ ಜ್ವರ ಬಾರದಿದ್ದುದು ಅದೃಷ್ಟವಷ್ಟೇ. ಆದರೆ ವಿಜ್ಞಾನ ಎಂದರೆ ಕಂಡದ್ದನ್ನು ಕೇಳಿಸಿಕೊಳ್ಳುವುದೂ ಅಲ್ಲವೇ? ಆಕೆ ಕಂಡದ್ದನ್ನು ಹೇಳಿದ್ದಳು. ಪದವಿ ಇದ್ದ ನಾನು ಕೇಳದೆ ನಂಬಿದ್ದೆ. ಇಬ್ಬರಲ್ಲಿ ಮೂಢರು ಯಾರು?

ಹೋದ ಸಲ ಹೋದಾಗ, ‘ಅವತ್ತು ನಿನ್ನ ಮಾತು ಕೇಳಬೇಕಿತ್ತು’ ಎಂದೆ. ಆಕೆ ನಕ್ಕು, ‘ಹೊಸ ಸೂಜಿ ಬರ್ತದಂತಲ್ಲಮ್ಮ, ಅದಾದ್ರೂ ಸರಿ ಇರ್ತದಾ?’ ಎಂದು ಕೇಳಿದಳು. ಹೌದು ಎನ್ನಲು ಬಾಯಿ ತೆರೆದವಳು ತಡೆದೆ.

‘ಇನ್ನೂ ಪರೀಕ್ಷೆ ನಡೆದಿದೆ. ನನಗೆ ಗೊತ್ತಿಲ್ಲ’ ಎಂದೆ.

‘ಹಂಗಾದ್ರೆ ಗೊತ್ತಾದ ಮೇಲೆ ಹೇಳಿ. ಹಾಕಿಸ್ಕೊಳ್ಳೋಣ’ ಎಂದು ಬುಟ್ಟಿ ಎತ್ತಿಕೊಂಡು ಕಾಡಿನ ಕಡೆ ಹೊರಟಳು.